ಗ್ರಹಣ ಮತ್ತು ಕರುಣೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ನಂದಿಮಂಟಪದ ಹಿಂದೆ ಸೂರ್ಯದೇವನಿಗೊಂದು ಗುಡಿಯುಂಟು. ಜಗಕ್ಕೆಲ್ಲ ಬೆಳಕೀಯುವ ಆ ಸೂರ್ಯನು 2019ನೆಯ ಡಿಸೆಂಬರ್ 26ರಂದು ಕೊಡಗಿನ ಕೆಲವೆಡೆ ಉಂಗುರದಂತೆ ಕಂಡನು. ಹಳೇಬೀಡು, ಬೇಲೂರು, ಅರಸೀಕೆರೆಗಳಲ್ಲಿ ಬಹುಭಾಗ ಮರೆಯಾದನು. ಅದೇ ದಿನ ಕಲಬುರಗಿ ಜಿಲ್ಲೆಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಕೆಲವು ಮಕ್ಕಳನ್ನು ಕೊರಳವರೆಗೆ ಮಣ್ಣಿನಲ್ಲಿ ಹೂಳಲಾಯಿತು. ಗ್ರಹಣಕಾಲದಲ್ಲಿ ಹೀಗೆ ಮಾಡಿದರೆ ಊನವು ನೀಗುವುದೆಂಬುದು ಹೆತ್ತವರ ನಂಬಿಕೆಯಾಗಿತ್ತು.

ವಿಚಾರವಂತರಾದ ಸದ್ಭಕ್ತರ ಮುಂದೆ ಇಲ್ಲಿ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಗ್ರಹಣವೆಂದರೇನು ಎಂಬುದು ಮೊದಲನೆಯದು. ಇದಕ್ಕೆ ಉತ್ತರವೀಯುವ ಅಧಿಕಾರ ವಿಜ್ಞಾನದ್ದು. ಅಮಾವಾಸ್ಯೆಯಂದು ಚಂದ್ರನು ಸೂರ್ಯನಿಗೂ ಭೂಮಿಗೂ ನಡುವೆ ಬಂದಾಗ ಅವನ ನೆರಳು ಭೂಮಿಯ ಮೇಲೆ ಬೀಳುವುದು. ಇದು ಪರದೇಶದಿಂದ ಬಂದ ಹೊಸ ಮಾತಲ್ಲ. ಆರ್ಯಭಟನು 499ರ ಸುಮಾರಿಗೇ ಗ್ರಹಣವನ್ನು ಛಾಯೆಯಿಂದ ವಿವರಿಸಿದ್ದನು. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಿದರೆ ಕಣ್ಣಿಗೆ ಹಾನಿಯುಂಟು, ದಿಟ. ಅದು ಬಿಸಿಲಿನ ಗುಣ. ನೆರಳಿಗಾದರೋ ವ್ಯಾಧಿಯನ್ನು ಕೊಡುವ ಶಕ್ತಿಯೂ ಇಲ್ಲ, ಕಳೆಯುವ ಶಕ್ತಿಯೂ ಇಲ್ಲ.

ಬೇಡವೆಂದು ಹೇಳಲಾರದ ಮಗುವಿನ ಮೇಲೆ ಹಿರಿಯರ ನಂಬಿಕೆಗೆ ಎಷ್ಟು ಅಧಿಕಾರವುಂಟು ಎಂಬುದು ಎರಡನೆಯ ಪ್ರಶ್ನೆ. ಇದಕ್ಕೆ ದೂರದರ್ಶಕಯಂತ್ರವು ಉತ್ತರ ಹೇಳಲಾರದು, ಧರ್ಮವೇ ಹೇಳಬೇಕು. ತನ್ನ ದೇಹಕ್ಕೆ ತಾನೇ ವಿಧಿಸಿಕೊಂಡ ಕಷ್ಟ ವ್ರತವೆನಿಸೀತು. ಪರರ ದೇಹಕ್ಕೆ ಹೇರಿದ ಕಷ್ಟ ಹಿಂಸೆಯೆನಿಸುವುದು. ಬಸವಣ್ಣನವರು ಧರ್ಮವನ್ನು ಅಳೆದುದು ಸಕಲ ಪ್ರಾಣಿಗಳ ಮೇಲಣ ಕರುಣೆಯಿಂದ. ಅಂಗದ ಮೇಲೆ ಲಿಂಗವನ್ನು ಧರಿಸಿದವರಿಗೆ ಪಂಚಸೂತಕಗಳೇ ಇಲ್ಲವೆಂದು ಶರಣರು ಸಾರಿರುವಾಗ, ಆಕಾಶದ ನೆರಳೊಂದಕ್ಕೆ ಭಕ್ತನು ಅಂಜುವುದುಂಟೆ?

ಆದರೆ ಆ ಹೆತ್ತವರನ್ನು ಹಳಿದು ಸುಮ್ಮನಾಗುವುದು ಶರಣಮಾರ್ಗವಲ್ಲ. ಗತಿಗಾಣದ ಮಮತೆಯೇ ಅವರ ಕೈಯಿಂದ ಆ ಕೆಲಸ ಮಾಡಿಸಿತು. ಅಮಾನವೀಯ ದುಷ್ಟಪದ್ಧತಿಗಳನ್ನು ತಡೆಯುವ ಕಾಯಿದೆಯನ್ನು ಕರ್ನಾಟಕದ ಶಾಸನಸಭೆಯು 2017ರಲ್ಲಿ ಅಂಗೀಕರಿಸಿತು. ಅದು 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಕಾಯಿದೆಯು ಕೈಯನ್ನು ತಡೆಯಬಲ್ಲದು. ಮನದ ಭಯವನ್ನೂ ಮನೆಯ ಒಂಟಿತನವನ್ನೂ ಕಳೆಯಲಾರದು. ಆ ಕಾರ್ಯ ದಾಸೋಹದ್ದು. ನೆರೆಯಲ್ಲಿ ನಡೆಯಲಾರದ ಕೂಸೊಂದಿದ್ದರೆ ಅದನ್ನು ವೈದ್ಯರ ಬಳಿಗೆ ಕರೆದೊಯ್ಯಲು ಜೊತೆಯಾಗುವುದು, ಶಾಲೆಗೆ ಎತ್ತಿಕೊಂಡು ಹೋಗುವುದು, ದಣಿದ ತಾಯಿಗೆ ಒಂದು ಹೊತ್ತು ವಿಶ್ರಾಂತಿ ದೊರಕಿಸುವುದು—ಇವೂ ಲಿಂಗಪೂಜೆಯೇ.

ಸೂರ್ಯನನ್ನು ಕವಿದ ನೆರಳು ಕೆಲವು ಗಳಿಗೆಗಳಲ್ಲಿ ತಾನೇ ಸರಿಯುವುದು. ಮನವನ್ನು ಕವಿದ ನೆರಳು ಸರಿಯಬೇಕಾದರೆ ಅರಿವೂ ಬೇಕು, ಆಚಾರವೂ ಬೇಕು. ಮುಂದಿನ ಗ್ರಹಣ ಬರುವ ಮುನ್ನವೇ ಭಕ್ತರು ಅಂತಹ ಮನೆಗಳ ಬಾಗಿಲಿಗೆ ಹೋಗಿ ನಿಲ್ಲಲಿ.