ಸಗರನಾಡಿನ ಗುಂಡುಗಲ್ಲುಗಳ ಮೇಲೆ

ಕರ್ನಾಟಕದಲ್ಲಿ ಬಂಡೆ ಹತ್ತುವವರನ್ನು ಕೇಳಿ ನೋಡಿ. ಬಾದಾಮಿ, ಹಂಪಿ, ರಾಮನಗರ, ಸಾವನದುರ್ಗ ಎಂದಾರು. ಯಾದಗಿರಿಯ ಹೆಸರು ಅವರ ಬಾಯಲ್ಲಿ ಬರುವುದು ಅಪರೂಪ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವವರಿಗೆ ಅದೊಂದು ಸ್ಟೇಷನ್, ಅಷ್ಟೆ. ಸ್ಟೇಷನ್ನಿನಿಂದ ಶಹಾಪುರ, ಸುರಪುರದ ದಾರಿ ಹಿಡಿದರೆ ಭೀಮೆ ದಾಟಿದ ಮೇಲೆ ಹತ್ತಿ, ತೊಗರಿ, ಭತ್ತದ ಗದ್ದೆಗಳ ನಡುವಿನಿಂದಲೇ ಕಲ್ಲುಗುಡ್ಡಗಳು ಎದ್ದು ನಿಲ್ಲುತ್ತವೆ. ನಾನು ಬೆಳೆದದ್ದು ಆ ಗುಡ್ಡಗಳ ನೆರಳಲ್ಲಿ, ಹಗ್ಗ ಕಟ್ಟಿ ಬಂಡೆ ಹತ್ತುವುದನ್ನು ಕಲಿತದ್ದು ಕ್ಯಾಲಿಫೋರ್ನಿಯಾದಲ್ಲಿ. ಕಳೆದ ಚಳಿಗಾಲ ಊರಿಗೆ ಹೋದಾಗ ಬೆಂಗಳೂರು, ಹೈದರಾಬಾದುಗಳಿಂದ ಗೆಳೆಯರನ್ನು ಕರೆಸಿಕೊಂಡೆ. ಒಂದು ಶನಿವಾರ, ಭಾನುವಾರ ಅಲ್ಲೇ ಹತ್ತಿ, ಅಲ್ಲೇ ಡೇರೆ ಹಾಕಿ ಮಲಗಿದೆವು.

ನಮ್ಮಲ್ಲಿ ಹಲವರು ಕ್ಯಾಲಿಫೋರ್ನಿಯಾದ ಯೊಸೆಮಿಟಿಗೆ ಹೋಗಿ ಎಲ್ ಕ್ಯಾಪಿಟನ್ ಬಂಡೆಯ ಕೆಳಗೆ ನಿಂತು ಬೆರಗಾದವರೇ. ಆ ಗ್ರಾನೈಟಿಗೆ ಸುಮಾರು 10 ಕೋಟಿ ವರ್ಷ ವಯಸ್ಸು. ಶಹಾಪುರ, ಸುರಪುರದ ಈ ಸೀಮೆಯ, ಅಂದರೆ ಸಗರನಾಡಿನ, ಗ್ರಾನೈಟಿಗೆ 250 ಕೋಟಿ ವರ್ಷದ ಆಸುಪಾಸು. ಎತ್ತರದಲ್ಲಿ ಹೋಲಿಕೆಯೇ ಇಲ್ಲ, ನಮ್ಮವು ಗುಡ್ಡಗಳು. ಆದರೆ ಇಷ್ಟು ಹಳೆಯ ಕಲ್ಲನ್ನು ನೀರು, ಬಿಸಿಲು ಎಷ್ಟು ನಿಧಾನವಾಗಿ ತಿದ್ದಿವೆ ಎಂಬುದನ್ನು ಕೈಯಿಂದ ಮುಟ್ಟಿಯೇ ತಿಳಿಯಬೇಕು. ನೆಲದೊಳಗಿದ್ದಾಗಲೇ ಬಿರುಕುಗಳಲ್ಲಿ ನೀರಿಳಿದು ಕಲ್ಲಿನ ಮೂಲೆಗಳು ಮೊದಲು ಶಿಥಿಲವಾಗುತ್ತವೆ, ನಡುವಿನ ಗಟ್ಟಿ ತಿರುಳು ಗುಂಡಗೆ ಉಳಿಯುತ್ತದೆ. ಸುತ್ತಲಿನ ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋದಾಗ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಗುಂಡುಗಳು ಹೊರಬೀಳುತ್ತವೆ. ಶಹಾಪುರದ ಹೊರಗೆ ಮಲಗಿದ ಬುದ್ಧ ಎಂದು ಎಲ್ಲರೂ ತೋರಿಸುವ ಗುಡ್ಡಸಾಲಿನ ಹಣೆ, ಮೂಗು, ಎದೆಯೆಲ್ಲ ರೂಪುಗೊಂಡದ್ದೂ ಇಂಥ ಸವೆತದಿಂದಲೇ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ರಸ್ತೆಯಿಂದ ನುಣುಪಾಗಿ ಕಂಡ ಹಾಸುಬಂಡೆಗೆ ಮುಖ ತಾಗಿಸಿ ನಿಂತರೆ ಮೈತುಂಬ ಜೋಳದ ಕಾಳಿನಷ್ಟು ದಪ್ಪ ಫೆಲ್ಡ್‌ಸ್ಪಾರ್ ಹರಳುಗಳು ಎದ್ದಿರುತ್ತವೆ. ಹಿಡಿಯಲು ಅಂಚಿಲ್ಲ, ಬೆರಳು ತೂರಲು ಬಿರುಕಿಲ್ಲ. ಆ ಹರಳುಗಳ ಮೇಲೆ ಬೂಟಿನ ರಬ್ಬರನ್ನು ಒತ್ತಿ, ಹಿಮ್ಮಡಿ ಇಳಿಸಿ, ಮೈಭಾರವನ್ನು ಕಾಲಿಗೇ ಬಿಡಬೇಕು. ಭಯಪಟ್ಟು ಬಂಡೆಗೆ ಅಂಟಿಕೊಂಡಷ್ಟೂ ಕಾಲು ಜಾರುತ್ತದೆ, ಸೊಂಟವನ್ನು ಕಲ್ಲಿನಿಂದ ದೂರ ಇಟ್ಟಷ್ಟೂ ಕಾಲು ನಿಲ್ಲುತ್ತದೆ. ಬಿಸಿಲೇರಿದರೆ ಕಲ್ಲು ಕಾದು ಬೆವರಿದ ಬೆರಳು ನಿಲ್ಲುವುದಿಲ್ಲ. ಹಾಗಾಗಿ ಬೆಳಿಗ್ಗೆ ಹತ್ತರೊಳಗೆ, ಮತ್ತೆ ಸಂಜೆ ನಾಲ್ಕರ ಮೇಲೆ ಹತ್ತುವುದು ಎಂದು ಗೊತ್ತುಮಾಡಿಕೊಂಡಿದ್ದೆವು.

ನಾವು ಹಗ್ಗ, ಕ್ಯಾರಬಿನರ್, ಚಾಕ್ ಪುಡಿ ಹರಡಿಕೊಂಡು ಕೂತಿದ್ದಾಗ ಪಕ್ಕದ ಹಳ್ಳಿಯ ಹುಡುಗನೊಬ್ಬ ಬಂದ. ಬೆಂಗಳೂರಿನಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸ, ತೊಗರಿ ರಾಶಿಗೆಂದು ಊರಿಗೆ ಬಂದಿದ್ದ. ಸ್ವಲ್ಪ ಹೊತ್ತು ನೋಡಿದ. "ಅಲ್ಲಿ ಹೆಜ್ಜೇನು ಅದ್ರಿ, ಆ ಕಡಿ ಕೈ ಹಾಕಬ್ಯಾಡ್ರಿ" ಎಂದ. ಚಾಚಿದ ಬಂಡೆಯ ಅಡಿಯಲ್ಲಿ ಕಪ್ಪಗೆ ನೇತಾಡುತ್ತಿದ್ದ ಹುಟ್ಟುಗಳು ನಾವಿದ್ದ ಕಡೆಯಿಂದ ಕಾಣುತ್ತಲೇ ಇರಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು, ಕುರಿ ಕಾಯುವವರು ಬಳಸುವ ಓರೆಯ ಮೇಲೆ ಬರಿಗಾಲಲ್ಲಿ ನಡೆದುಕೊಂಡೇ ಮೇಲೆ ಹೋಗಿ ನಿಂತ. ಹಗ್ಗ ಹಿಡಿದಿದ್ದ ನಮ್ಮೆಲ್ಲರ ಕಣ್ಣು ಅವನ ಪಾದಗಳ ಮೇಲಿತ್ತು. ನಾನು ದುಡ್ಡು ಕೊಟ್ಟು ಕಲಿತ ಹಿಮ್ಮಡಿಯ ಪಾಠ ಅಲ್ಲಿತ್ತು.

ಸುರಪುರದ ಕಡೆಯವರಿಗೆ ಹತ್ತುವುದು ಹೊಸದೇನೂ ಅಲ್ಲ. ಶ್ರಾವಣದಲ್ಲಿ ವೇಣುಗೋಪಾಲಸ್ವಾಮಿ ಜಾತ್ರೆಯ ಹಾಲೋಕುಳಿಯಲ್ಲಿ ಎತ್ತರದ ಕಂಬಗಳನ್ನು ಏರುವ ಸ್ಪರ್ಧೆಯೇ ನಡೆಯುತ್ತದೆ. ಮೇಲಿನಿಂದ ನೀರು ಸುರಿಯುತ್ತಿದ್ದರೂ ಒಬ್ಬರ ಹೆಗಲ ಮೇಲೊಬ್ಬರು ನಿಂತು ಹತ್ತುತ್ತಾರೆ. ಇದನ್ನು ನೋಡಲು ಊರಿಗೆ ಊರೇ ಸೇರುತ್ತದೆ. ಬಂಡೆ ಹತ್ತುವ ಆಟದ ಚರಿತ್ರೆ ಬರೆಯುವವರು ಆಲ್ಪ್ಸ್ ಪರ್ವತದಿಂದ ಶುರುಮಾಡುವುದು ರೂಢಿ. ನಮ್ಮ ಮಕ್ಕಳಿಗೆ ಹೇಳುವಾಗ ನಾನಂತೂ ಸುರಪುರದ ಕಂಬಗಳಿಂದ ಶುರುಮಾಡುತ್ತೇನೆ.

ರಾತ್ರಿ ಪರಿಚಯದ ರೈತರೊಬ್ಬರ ಹೊಲದ ಬದುವಿನಲ್ಲಿ ಡೇರೆ ಹಾಕಿದೆವು. ಅವರ ಮನೆಯಿಂದ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಂತು. ಊಟದ ನಂತರ ಮಾತು ವಾಗಣಗೇರಿಗೆ ಹೊರಳಿತು. ಸುರಪುರದ ಹತ್ತಿರದ ಆ ಕೋಟೆಗೆ 1705ರಲ್ಲಿ ಔರಂಗಜೇಬ್, 86ರ ಇಳಿವಯಸ್ಸಿನಲ್ಲಿ, ಖುದ್ದಾಗಿ ಮುತ್ತಿಗೆ ಹಾಕಿದ. ಅವನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ತಿಂಗಳುಗಟ್ಟಲೆ ಹೋರಾಟದ ಬಳಿಕ ಕೋಟೆ ಸಿಕ್ಕಿತು, ಬೇಡರ ನಾಯಕ ಪಿಡ್ಡನಾಯಕ ಸಿಗಲಿಲ್ಲ. ಹಗಲೆಲ್ಲ ಈ ಬಂಡೆಗಳಲ್ಲಿ ಏಗಿದ್ದ ನಮಗೆ ಅದು ಹೇಗೆ ಸಾಧ್ಯವಾಯಿತೆಂದು ವಿವರಿಸಬೇಕಾಗಿರಲಿಲ್ಲ. ಗುಂಡುಗಳ ಸಂದಿಗೊಂದಿ ಬಲ್ಲವನನ್ನು ಬಯಲಿನ ಸೈನ್ಯ ಎಲ್ಲಿ ಹುಡುಕೀತು? 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕರು ಇದೇ ಮಣ್ಣಿನವರು. ಅವರು ಬಾಲಕರಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್‌ನ ಬಂಗಲೆ, ಟೇಲರ್ ಮಂಜಿಲ್, ಸುರಪುರದ ಗುಡ್ಡದ ಮೇಲೆ ಇಂದಿಗೂ ಇದೆ.

ಆ ಟೇಲರ್ ಬರೆದಿಟ್ಟ ತಾಣವೊಂದನ್ನು ಭಾನುವಾರ ನೋಡಿದೆವು, ಶಹಾಪುರ ಬಳಿಯ ವಿಭೂತಿಹಳ್ಳಿ. ಬೃಹತ್ ಶಿಲಾಯುಗದ ಜನ ದೊಡ್ಡ ದೊಡ್ಡ ಗುಂಡುಗಳನ್ನು ಉರುಳಿಸಿ ತಂದು ಸಾಲುಸಾಲಾಗಿ, ಲೆಕ್ಕಾಚಾರದ ಅಂತರದಲ್ಲಿ ಕೂರಿಸಿದ್ದಾರೆ. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಹುಣಸಗಿ ಕಣಿವೆಯ ಇಸಾಂಪುರವಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರ ತಂಡ ಅಲ್ಲಿ ಅಗೆದಾಗ ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ ಕೈಗೊಡಲಿ ಮಾಡುತ್ತಿದ್ದ ಆದಿಮಾನವರ ಕಾರ್ಯಾಗಾರವೇ ಸಿಕ್ಕಿತು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದೆ ಎಂದು ಅಂದಾಜಿಸಲಾಗಿದೆ. ಯಾವ ಕಲ್ಲು ಹೇಗೆ ಒಡೆಯುತ್ತದೆ, ಎಲ್ಲಿ ಹಿಡಿತ ಕೊಡುತ್ತದೆ ಎಂದು ಈ ನೆಲದಲ್ಲಿ ಕೈಗಳು ಅಂದಿನಿಂದ ಕಲಿಯುತ್ತಿವೆ. ಶನಿವಾರ ಬೆರಳ ತುದಿಯ ಚರ್ಮ ಸವೆಯಿಸಿಕೊಂಡಿದ್ದ ನನಗೆ ಆ ಅಪರಿಚಿತರು ತೀರಾ ಹತ್ತಿರದವರೆನಿಸಿದರು.

ವಿಭೂತಿಹಳ್ಳಿಯ ಗುಂಡುಗಳನ್ನು ಯಾರೂ ಹತ್ತಬಾರದು. ಯಾದಗಿರಿಯ ಕೋಟೆಯಂಥ ಸ್ಮಾರಕಗಳ ಗೋಡೆಗಳಿಗೂ ಈ ಮಾತು ಸಲ್ಲುತ್ತದೆ. ಉಳಿದ ಗುಡ್ಡಗಳಲ್ಲೂ ನಾವು ಬೋಲ್ಟ್ ಹೊಡೆಯಲಿಲ್ಲ, ಮೇಲಿನ ದೊಡ್ಡ ಗುಂಡಿಗೆ ಹಗ್ಗ ಸುತ್ತಿ ಕಟ್ಟಿಕೊಂಡೆವು, ಹೊರಡುವಾಗ ಚಾಕಿನ ಗುರುತು ಉಜ್ಜಿ ಬಂದೆವು. ಆದರೆ ಕಲ್ಲುಗಣಿಗಳು ಗುಡ್ಡಕ್ಕೆ ಗುಡ್ಡವನ್ನೇ ಜಲ್ಲಿ ಮಾಡುವಾಗ ಇಷ್ಟು ಎಚ್ಚರ ಸಾಲದು. ಹೈದರಾಬಾದಿನಲ್ಲಿ ಬಂಡೆಗಳನ್ನು ಉಳಿಸಲೆಂದೇ ನಾಗರಿಕರು 1996ರಲ್ಲಿ ಸಂಘ ಕಟ್ಟಿಕೊಂಡರು, ಕೆಲವು ಬಂಡೆಗಳು ಪಾರಂಪರಿಕ ಪಟ್ಟಿಗೂ ಸೇರಿದವು. ಸಗರನಾಡಿಗೂ ಅಂಥದ್ದು ಬೇಕು. ಗುಡ್ಡ ಜಲ್ಲಿಯಾಗಿ ಲಾರಿ ಹತ್ತುತ್ತದೆ, ಗುಡ್ಡ ಬಲ್ಲ ಹುಡುಗರು ಗುಳೆ ಹೋಗಿ ನಗರಗಳ ಕಾಂಕ್ರೀಟಿಗೆ ಹೆಗಲು ಕೊಡುತ್ತಾರೆ. ಅವರಲ್ಲಿ ಕೆಲವರಿಗಾದರೂ ತರಬೇತಿ, ಸಲಕರಣೆ ಸಿಕ್ಕಿ ಮಾರ್ಗದರ್ಶಕರಾದರೆ ಊರಲ್ಲೇ ದುಡಿಮೆಗೊಂದು ದಾರಿಯಾಗುತ್ತದೆ. ಬಾದಾಮಿಗೆ, ಹಂಪಿಗೆ ಹತ್ತುವವರು ದೇಶದೇಶಗಳಿಂದ ಬರುತ್ತಾರೆ, ಇಲ್ಲಿಗೂ ಬಂದಾರು.

ಇದನ್ನು ಓದುವವರಲ್ಲಿ ನನ್ನದೊಂದು ಕೋರಿಕೆ. ಮಕ್ಕಳನ್ನು ಕರ್ನಾಟಕ ಪ್ರವಾಸಕ್ಕೆ ಕರೆದೊಯ್ಯುವಾಗ ಮೈಸೂರು, ಹಂಪಿ, ಜೋಗದ ಜೊತೆ ಎರಡು ದಿನ ಇತ್ತ ಬನ್ನಿ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬೇಡ, ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದವರ ಒಪ್ಪಿಗೆ ಕೇಳಿ ಡೇರೆ ಹಾಕಿ, ಬೂಟು ಹಾಕಿಕೊಳ್ಳುವ ಮುನ್ನ ಕೊಡವಿ, ಚೇಳಿರುತ್ತವೆ. ಹಗ್ಗ ಕಟ್ಟುವ ಮುನ್ನ ಅಲ್ಲಿಯ ಕುರಿಗಾಹಿಗಳನ್ನು ಒಂದು ಮಾತು ಕೇಳಿ. ಈ ಸಲ ನಾವು ನೋಡಲಾಗದ ರಾಜನಕೋಳೂರಿನ ಶಿಲಾಸಮಾಧಿಗಳನ್ನೂ ನೋಡಿಕೊಂಡು ಬರೋಣ, ನಾನು ಜೊತೆಗಿರುತ್ತೇನೆ.