ಒಬ್ಬನ ದೋಷವೂ ಹಲವರ ಫಲವೂ

ಹಲವರು ಕೂಡಿ ಒಂದು ಕಾರ್ಯವನ್ನು ಕೈಕೊಂಡು ಬಹುಕಾಲ ಶ್ರಮಪಟ್ಟಿರಲು, ಫಲವು ಕೈಗೆ ಬರುವ ಹೊತ್ತಿಗೆ ಅವರಲ್ಲೊಬ್ಬನ ನಿಮಿತ್ತವಾಗಿ ಅದು ಎಲ್ಲರಿಗೂ ತಪ್ಪಿಹೋಗುವುದು ಲೋಕದಲ್ಲಿ ಅಪರೂಪವಲ್ಲ. ಅಂತಹ ಸಂದರ್ಭದಲ್ಲಿ ನೋಡುವವರ ಮನಸ್ಸು ಕೂಡಲೆ ಕೇಳುವುದು: ದೋಷವು ಒಬ್ಬನದಾಗಿರಲು ಉಳಿದವರು ಏಕೆ ತೆರಬೇಕು? ಈ ಪ್ರಶ್ನೆ ಬಲು ಹಳೆಯದು. ಆದರೆ ಹಳೆಯ ಪ್ರಶ್ನೆಯನ್ನು ಹೊಸ ಉದಾಹರಣೆಯಲ್ಲಿಟ್ಟು ನೋಡಿದಾಗ ಅದರ ಅಂಗಾಂಗಗಳು ಹೆಚ್ಚು ಸ್ಪಷ್ಟವಾಗುವುವು. 2022ನೆಯ ಇಸವಿಯಲ್ಲಿ ಸ್ಪೇನ್ ದೇಶದ ರಗ್ಬಿ ತಂಡಕ್ಕೆ ಒದಗಿದ ಗತಿಯು ಅಂತಹದೊಂದು ಉದಾಹರಣೆ.

ರಗ್ಬಿಯು ಇಂಗ್ಲೆಂಡಿನಲ್ಲಿ ಹುಟ್ಟಿದ ಆಟ. ಪಕ್ಷಕ್ಕೆ ಹದಿನೈದು ಮಂದಿ; ಚೆಂಡು ದುಂಡಗಿರದೆ ಮೊಟ್ಟೆಯ ಆಕಾರವಾಗಿರುವುದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು; ಆದರೆ ಜತೆಗಾರನಿಗೆ ಎಸೆಯುವಾಗ ಮುಂದಕ್ಕೆ ಎಸೆಯಕೂಡದು, ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು. ಆದುದರಿಂದ ಮುಂದೆ ಓಡುವವನಿಗೆ ಹಿಂದಿರುವವರ ಆಸರೆಯಿಲ್ಲದೆ ಗತಿಯಿಲ್ಲ. ಎದುರು ಪಕ್ಷದ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವವನು ಒಬ್ಬನೇ. ಅದರಿಂದ ಬರುವ ಐದು ಅಂಕಗಳು ಮಾತ್ರ ತಂಡದವು. ಆಟದ ಈ ಸ್ವಭಾವವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಮುಂದಿನ ವಿಚಾರಕ್ಕೆ ಸಹಾಯಕ.

ಯುರೋಪಿನಲ್ಲಿ ಈ ಆಟಕ್ಕೆ ಮೆಟ್ಟಿಲುಗಳುಂಟು. ಮೇಲಿನ ಮೆಟ್ಟಿಲಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್, ಫ್ರಾನ್ಸ್ ಎಂಬ ಐದು ತಂಡಗಳೂ, 2000ದಲ್ಲಿ ಅವುಗಳೊಡನೆ ಸೇರಿದ ಇಟಲಿಯೂ ಪ್ರತಿವರ್ಷ ಸೆಣಸುವುವು. ಅದರ ಕೆಳಗಿನದು ರಗ್ಬಿ ಯುರೋಪ್ ಚಾಂಪಿಯನ್‌ಷಿಪ್ ಎಂಬ ಪಂದ್ಯಾವಳಿ. ಜಾರ್ಜಿಯ, ರೊಮೇನಿಯ, ಸ್ಪೇನ್, ಪೋರ್ಚುಗಲ್ ಮೊದಲಾದ ದೇಶಗಳು ಆಡುವುದು ಇಲ್ಲಿ. ಮೇಲಿನ ಮೆಟ್ಟಿಲಿಗೆ ದೊರೆಯುವ ಕೀರ್ತಿಯಾಗಲಿ ಹಣವಾಗಲಿ ಇದಕ್ಕಿಲ್ಲ. ಆದರೂ ಈ ದೇಶಗಳ ಆಟಗಾರರಿಗೆ ಇದು ಅಲ್ಪವಾದುದಲ್ಲ. ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ವಿಶ್ವಕಪ್ಪಿನ ಬಾಗಿಲು ಅವರಿಗೆ ತೆರೆಯುತ್ತಿದ್ದುದು ಈ ಹಾದಿಯಿಂದಲೇ.

ಸ್ಪೇನಿನವರು ಆ ಬಾಗಿಲನ್ನು ದಾಟಿದ್ದುದು ಒಂದೇ ಸಲ, 1999ರಲ್ಲಿ. ಆಗ ಆಡಿದ ಮೂರು ಪಂದ್ಯಗಳನ್ನೂ ಸೋತು ಮರಳಿದರು. ಮುಂದೆ 2018ರಲ್ಲಿ ಮತ್ತೆ ಅವಕಾಶ ಬಂದಿತು. ಮಾರ್ಚಿ ತಿಂಗಳಲ್ಲಿ ಬ್ರಸೆಲ್ಸಿನಲ್ಲಿ ಬೆಲ್ಜಿಯಮ್ಮನ್ನು ಗೆದ್ದಿದ್ದರೆ ಜಪಾನಿನ ವಿಶ್ವಕಪ್ಪಿಗೆ ನೇರವಾಗಿ ಹೋಗುತ್ತಿದ್ದರು. 18ಕ್ಕೆ 10ರಂತೆ ಸೋತರು. ಆ ಸೋಲಿನಿಂದ ಲಾಭ ಪಡೆಯತಕ್ಕ ದೇಶ ರೊಮೇನಿಯ. ಆ ದಿನದ ತೀರ್ಪುಗಾರನೂ ರೊಮೇನಿಯದವನೇ. ತಮಗೆ ಅನ್ಯಾಯವಾಯಿತೆಂದು ಸ್ಪೇನಿನವರು ಕೂಗಿದರು. ಆಟಗಾರರು ಕೆಲವರು ತೀರ್ಪುಗಾರನ ಮೇಲೆ ಏರಿಹೋದರು. ಬಳಿಕ ವಿಚಾರಣೆ ನಡೆಯಿತು. ರೊಮೇನಿಯ, ಬೆಲ್ಜಿಯಮ್, ಸ್ಪೇನ್ ಮೂರೂ ದೇಶಗಳು ಆಡುವ ಅರ್ಹತೆಯಿಲ್ಲದವರನ್ನು ಆಡಿಸಿದ್ದುದು ಗೊತ್ತಾಯಿತು. ಮೂವರ ಅಂಕಗಳನ್ನೂ ಕಳೆದ ಮೇಲೆ ಜಪಾನಿಗೆ ಹೋದವರು ರಷ್ಯದವರು. ಪರರ ಲೋಪವನ್ನು ತೋರಿಸಲು ಹಚ್ಚಿದ ದೀಪವು ತಮ್ಮ ಮನೆಯ ಕಸವನ್ನೂ ತೋರಿಸಿತು.

ನಾಲ್ಕು ವರ್ಷಗಳು ಕಳೆದುವು. 2023ರಲ್ಲಿ ಫ್ರಾನ್ಸಿನಲ್ಲಿ ನಡೆಯತಕ್ಕ ವಿಶ್ವಕಪ್ಪಿಗೆ 2021 ಮತ್ತು 2022ರ ಪಂದ್ಯಾವಳಿಗಳ ಅಂಕಗಳನ್ನು ಕೂಡಿಸಿ, ಮೊದಲ ಇಬ್ಬರನ್ನು ನೇರವಾಗಿ ಕಳುಹಿಸುವುದೆಂದೂ ಮೂರನೆಯವರಿಗೆ ಇನ್ನೊಂದು ಪರೀಕ್ಷೆಯೆಂದೂ ನಿಯಮವಿದ್ದಿತು. 2022ರ ಮಾರ್ಚಿಯಲ್ಲಿ ಸ್ಪೇನಿನವರು ಮ್ಯಾಡ್ರಿಡ್ಡಿನಲ್ಲಿ ಪೋರ್ಚುಗಲ್ಲನ್ನು 33ಕ್ಕೆ 28ರಂತೆ ಗೆದ್ದು, ಜಾರ್ಜಿಯದ ಹಿಂದೆ ಎರಡನೆಯ ಸ್ಥಾನವನ್ನು ಗಟ್ಟಿಮಾಡಿಕೊಂಡರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಯುವಿಕೆ ಮುಗಿಯಿತೆಂದು ಆನಂದಾಶ್ರುಗಳು ಹರಿದುವು. ಆದರೆ ಏಪ್ರಿಲ್ ಕಳೆಯುವುದರೊಳಗೆ ತೀರ್ಪು ಹೊರಬಿದ್ದಿತು. ದಕ್ಷಿಣ ಆಫ್ರಿಕದಿಂದ ಬಂದ ಆಟಗಾರನೊಬ್ಬನು, ಆಗಿನ ನಿಯಮದಂತೆ ಸ್ಪೇನಿನಲ್ಲಿ ಎಡೆಬಿಡದೆ ಮೂವತ್ತಾರು ತಿಂಗಳು ವಾಸಮಾಡದೆಯೇ, ನೆದರ್ಲೆಂಡಿನ ಎದುರು ಎರಡು ಪಂದ್ಯಗಳಲ್ಲಿ ಆಡಿದ್ದನು. ಅವನ ಪಾಸ್ಪೋರ್ಟಿನ ಪ್ರತಿಯು ತಿದ್ದಿದುದೆಂದು ಸ್ಪೇನಿನ ಸಂಸ್ಥೆಯೇ ಹೇಳಿತು. ಹತ್ತು ಅಂಕಗಳು ಕಳೆದುವು. ಸ್ಥಾನವು ರೊಮೇನಿಯಕ್ಕೆ ಹೋಯಿತು. ಮೇಲ್ಮನವಿಯೂ ಫಲಿಸಲಿಲ್ಲ.

ಇಲ್ಲಿ ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಹೇಳುವುದು ಉಚಿತ. ತಂಡದ ಇತರ ಆಟಗಾರರಿಗೆ ಆ ಕಾಗದದ ವಿಷಯವೇ ತಿಳಿಯದು. ಆಟವಾಡುವವರು ಜತೆಗಾರನ ಪಾಸ್ಪೋರ್ಟನ್ನು ಪರೀಕ್ಷಿಸುವುದಿಲ್ಲ. ಪರೀಕ್ಷಿಸಬೇಕೆಂದು ಯಾರೂ ನಿರೀಕ್ಷಿಸುವುದೂ ಇಲ್ಲ. ನೆದರ್ಲೆಂಡು ಆ ಪಂದ್ಯಾವಳಿಯಲ್ಲಿ ದುರ್ಬಲವಾದ ತಂಡ. ಆ ಒಬ್ಬನಿಲ್ಲದಿದ್ದರೂ ಸ್ಪೇನಿನವರು ಗೆಲ್ಲುತ್ತಿದ್ದರೆಂದು ನಂಬಲು ಅಡ್ಡಿಯಿಲ್ಲ. ದೋಷದಿಂದ ಲಾಭವಾಗಲಿಲ್ಲ, ದೋಷದ ಅರಿವೂ ಇರಲಿಲ್ಲ, ಆದರೂ ಮೈಮುರಿದು ದುಡಿದವರ ಎರಡು ವರ್ಷಗಳ ಶ್ರಮವು ವ್ಯರ್ಥವಾಯಿತು. ವಯಸ್ಸು ಮೀರುತ್ತಿದ್ದ ಆಟಗಾರರಿಗೆ ಅದು ಮತ್ತೆ ಬಾರದ ಅವಕಾಶ. ಇದನ್ನು ನ್ಯಾಯವೆನ್ನುವುದು ಹೇಗೆ?

ಸಮಾಧಾನವನ್ನು ಫಲದ ಸ್ವರೂಪದಿಂದಲೇ ಆರಂಭಿಸಬೇಕು. ಒಬ್ಬನು ಚೆಂಡನ್ನು ಗೆರೆ ದಾಟಿಸಿದಾಗ ಹದಿನೈದು ಮಂದಿಯೂ ಅಂಕಗಳನ್ನು ತಮ್ಮವೆಂದೇ ಸ್ವೀಕರಿಸುವರು. ತಾನು ಆ ಹೊತ್ತಿನಲ್ಲಿ ಮೈದಾನದ ಇನ್ನೊಂದು ಮೂಲೆಯಲ್ಲಿದ್ದೆನಾದುದರಿಂದ ತನಗೆ ಅದರಲ್ಲಿ ಪಾಲು ಬೇಡವೆಂದು ಯಾರೂ ಹೇಳುವುದಿಲ್ಲ. ಮೀಮಾಂಸಾಶಾಸ್ತ್ರದಲ್ಲಿ ಸತ್ರವೆಂಬ ಯಾಗದ ವಿಚಾರವಿದೆ. ಅಲ್ಲಿ ಹದಿನೇಳರಿಂದ ಇಪ್ಪತ್ತನಾಲ್ಕು ಮಂದಿ ಸೇರುವರು; ಯಜಮಾನನೆಂದು ಬೇರೊಬ್ಬನಿಲ್ಲ, ಎಲ್ಲರೂ ಯಜಮಾನರೇ, ಎಲ್ಲರೂ ಫಲಭಾಗಿಗಳೇ. ಆದರೆ ಕರ್ಮಕ್ಕೆ ಮೊದಲು ಅಧಿಕಾರದ ಪ್ರಶ್ನೆ ಬರುವುದು. ಅಧಿಕಾರವಿಲ್ಲದವನು ಎಷ್ಟು ಕುಶಲನಾಗಿ ಮಾಡಿದರೂ ಅದು ಕರ್ಮವೆನಿಸದು. ಕುಶಲತೆಯೂ ಅಧಿಕಾರವೂ ಒಂದೇ ಅಲ್ಲವೆಂಬ ಈ ವಿವೇಕವು ಯಾಗಶಾಲೆಗೆ ಎಷ್ಟು ಸಲ್ಲುವುದೋ ಆಟದ ಬಯಲಿಗೂ ಅಷ್ಟೇ ಸಲ್ಲುವುದು. ಲಾಭವನ್ನು ಸಮುದಾಯವಾಗಿ ಸ್ವೀಕರಿಸಿ, ಲೋಪ ಬಂದಾಗ ಮಾತ್ರ ಬಿಡಿಬಿಡಿ ವ್ಯಕ್ತಿಗಳಾಗಿ ಚದರಿ ನಿಲ್ಲುವುದು ಯುಕ್ತವಲ್ಲ.

ಆದರೂ ಇಷ್ಟರಿಂದ ಮನಸ್ಸು ತಣಿಯದು, ತಣಿಯದಿರುವುದೂ ಸರಿಯೆ. ಏಕೆಂದರೆ ಇಲ್ಲಿ ಎರಡು ಬೇರೆಬೇರೆ ವಸ್ತುಗಳು ಒಂದಾಗಿ ಕಲೆತಿವೆ. ಒಂದು ಫಲಲೋಪ, ಇನ್ನೊಂದು ನಿಂದೆ. ಕರ್ಮದ ಅಂಗವೊಂದು ಕೆಟ್ಟರೆ ಫಲವು ತಪ್ಪುವುದು. ಅದು ಸಮುದಾಯಕ್ಕೆಲ್ಲ ಸೇರಿದ್ದು. ನಿಂದೆಯಾದರೋ ತಿಳಿದು ಮಾಡಿದವನಿಗೂ, ನೋಡಬೇಕಾದುದನ್ನು ನೋಡದೆ ಬಿಟ್ಟವನಿಗೂ ಮಾತ್ರ ತಗಲತಕ್ಕದ್ದು. ಸ್ಪೇನಿನ ಆಟಗಾರರು ಫಲವನ್ನು ಕಳೆದುಕೊಂಡರೆಂಬುದರಿಂದ ಅಪರಾಧಿಗಳಾಗಲಿಲ್ಲ. ಅವರು ನಿರಪರಾಧಿಗಳೆಂಬುದರಿಂದ ಫಲವು ಅವರಿಗೆ ಸಲ್ಲಲೇಬೇಕೆಂದೂ ಆಗುವುದಿಲ್ಲ. ಈ ಎರಡನ್ನೂ ಏಕಕಾಲದಲ್ಲಿ ಮನಸ್ಸಿನಲ್ಲಿ ಹಿಡಿದಿರುವುದು ಕಷ್ಟ. ಆದರೆ ನ್ಯಾಯದ ವಿಚಾರದಲ್ಲಿ ಅನಿವಾರ್ಯ.

ಇನ್ನೂ ಒಂದು ಮಾತುಂಟು. ಎಲ್ಲಕ್ಕಿಂತ ಮುಖ್ಯವಾದುದೂ ಅದೇ. ನಮ್ಮ ಕನಿಕರವು ಸಾಧಾರಣವಾಗಿ ಕಣ್ಣೆದುರು ಅಳುತ್ತಿರುವವನ ಕಡೆಗೆ ಹರಿಯುವುದು. ಸ್ಪೇನಿನವರನ್ನು ಕ್ಷಮಿಸಿದ್ದರೆ ಆ ಕ್ಷಮೆಯ ಬೆಲೆಯನ್ನು ತೆರುವವರು ಯಾರು? ರೊಮೇನಿಯದ ಆಟಗಾರರು, ಅವರ ಹಿಂದೆ ನಿಂತಿದ್ದ ಪೋರ್ಚುಗಲ್ಲಿನ ಆಟಗಾರರು. ಅವರೂ ಎರಡು ವರ್ಷ ದುಡಿದವರೇ, ಅವರೂ ನಿರಪರಾಧಿಗಳೇ, ಕಾಣುತ್ತಿರಲಿಲ್ಲ, ಅಷ್ಟೆ. ಎದುರಿಗಿರುವವನಿಗೆ ತೋರುವ ದಯೆಗಾಗಿ ದೂರದಲ್ಲಿರುವವನ ಪಾಲನ್ನು ತೆಗೆದುಕೊಡುವುದು ದಾನವಾಗದು. ತನ್ನದನ್ನು ಬಿಟ್ಟುಕೊಡುವ ಹಕ್ಕು ಎಲ್ಲರಿಗೂ ಉಂಟು. ಪರರದನ್ನು ಬಿಟ್ಟುಕೊಡುವ ಹಕ್ಕು ನ್ಯಾಯಾಧಿಪತಿಗೂ ಇಲ್ಲ.

ಆ ಕಾಣದವರು ಮುಂದೆ ಲೋಕಕ್ಕೆ ಕಂಡರು. ಮೂರನೆಯ ಸ್ಥಾನಕ್ಕೇರಿದ ಪೋರ್ಚುಗಲ್ಲಿನವರು 2022ರ ನವೆಂಬರಿನಲ್ಲಿ ದುಬೈಯಲ್ಲಿ ಅಮೆರಿಕದ ಎದುರು ಕಡೆಯ ಗಳಿಗೆಯ ಒದೆತದಿಂದ 16ಕ್ಕೆ 16ರ ಸಮಬಲವನ್ನು ಸಾಧಿಸಿ ವಿಶ್ವಕಪ್ಪಿಗೆ ಹೋದರು. 2023ರ ಅಕ್ಟೋಬರಿನಲ್ಲಿ ಟೂಲೂಸ್ ನಗರದಲ್ಲಿ ಫಿಜಿಯಂತಹ ಬಲಿಷ್ಠರನ್ನು 24ಕ್ಕೆ 23ರಂತೆ ಗೆದ್ದರು. ಅದು ವಿಶ್ವಕಪ್ಪಿನಲ್ಲಿ ಅವರ ಮೊದಲ ಗೆಲವು. ಇದನ್ನು ಕೇಳಿದವರು ತೀರ್ಪು ಎಷ್ಟು ಸಾರ್ಥಕವಾಯಿತೆಂದು ಹೇಳಬಹುದು. ಹಾಗೆ ಹೇಳುವುದು ಸಲ್ಲದು. ಅದೇ ತೀರ್ಪಿನಿಂದ ಸ್ಥಾನ ಪಡೆದ ರೊಮೇನಿಯದವರು ನಾಲ್ಕು ಪಂದ್ಯಗಳನ್ನೂ ಸೋತರು. ಐರ್ಲೆಂಡ್ ಅವರ ಮೇಲೆ 82 ಅಂಕಗಳನ್ನೂ ಸ್ಕಾಟ್ಲೆಂಡ್ 84 ಅಂಕಗಳನ್ನೂ ಗಳಿಸಿದುವು. ಆ ಸೋಲಿನಿಂದ ತೀರ್ಪು ತಪ್ಪಾಗಲಿಲ್ಲ. ಈ ಗೆಲವಿನಿಂದ ಸರಿಯೂ ಆಗಲಿಲ್ಲ. ಕೊಟ್ಟ ದಿನವೇ ಅದು ಸರಿಯಾಗಿದ್ದಿತು. ಪಾಲು ಯಾರಿಗೆ ಸಲ್ಲಬೇಕೆಂಬುದು ಪಡೆದವನು ಮುಂದೆ ಅದನ್ನೇನು ಮಾಡುವನೆಂಬುದನ್ನು ಅವಲಂಬಿಸುವುದಿಲ್ಲ.

ಹಾಗಾದರೆ ಸ್ಪೇನಿನ ಆಟಗಾರರಿಗೆ ದೂರಲು ಏನೂ ಇರಲಿಲ್ಲವೆ? ಇದ್ದಿತು. ಅವರ ದೂರು ಯಥಾರ್ಥವಾದುದೇ. ಆದರೆ ಅದನ್ನು ಒಯ್ಯಬೇಕಾದ ಬಾಗಿಲು ಬೇರೆ. ನಾಲ್ಕೇ ವರ್ಷಗಳ ಹಿಂದೆ ಇದೇ ಲೋಪದಿಂದ ಇದೇ ಶಿಕ್ಷೆಯನ್ನು ಉಂಡಿದ್ದ ಮನೆಯಲ್ಲಿ, ಕಾಗದಗಳನ್ನು ಎರಡು ಸಲವಲ್ಲ ಹತ್ತು ಸಲ ನೋಡಬೇಕಾಗಿದ್ದಿತು. ಆಟಗಾರನು ಬಯಲಿನಲ್ಲಿ ನಂಬಿಕೆಯಿಂದ ಹಿಂದಕ್ಕೆ ಚೆಂಡನ್ನು ಎಸೆಯುವನು, ಅಲ್ಲಿ ತನ್ನವನೊಬ್ಬನು ಇದ್ದೇ ಇರುವನೆಂದು. ಅದೇ ನಂಬಿಕೆಯಿಂದ ಅವನು ಕಚೇರಿಯಲ್ಲಿ ಕುಳಿತವರಿಗೆ ತನ್ನ ಶ್ರಮವನ್ನು ಒಪ್ಪಿಸಿರುವನು. ಕೈಜಾರಿದುದು ಅಲ್ಲಿ. ತೀರ್ಪುಗಾರನನ್ನು ಬೈಯುವುದು ಸುಲಭ, ಅವನು ಹೊರಗಿನವನು. ಕಾಯಬೇಕಾದ ತಮ್ಮವರನ್ನು ಕೇಳುವುದಕ್ಕೆ ಹೆಚ್ಚಿನ ಧೈರ್ಯ ಬೇಕು.

ಮನೆಗಳಲ್ಲಿಯೂ ಸಂಸ್ಥೆಗಳಲ್ಲಿಯೂ ನಡೆಯುವುದು ಇದೇ. ಒಬ್ಬನ ಗಳಿಕೆಯಿಂದ ಮನೆಯವರೆಲ್ಲ ಉಣ್ಣುವಾಗ ಅದು ಬಂದ ದಾರಿಯನ್ನು ವಿಚಾರಿಸುವವರು ವಿರಳ. ದಾರಿ ಕೆಟ್ಟದ್ದೆಂದು ತಿಳಿದ ದಿನ, ತಾವೇನೂ ಅರಿಯದವರೆಂಬ ಮಾತು ನಿಜವೇ ಇರಬಹುದು. ಆದರೂ ಉಂಡ ಅನ್ನವನ್ನು ತಮ್ಮದೆಂದು ಹೇಳಿಕೊಳ್ಳುವಂತಿಲ್ಲ. ಅರಿಯದವರಾಗಿರುವುದು ನಿಂದೆಯಿಂದ ಕಾಯುವುದೇ ಹೊರತು ನಷ್ಟದಿಂದ ಕಾಯುವುದಿಲ್ಲ.

ಸ್ಪೇನಿನವರು ಮತ್ತೆ ಅದೇ ಎರಡನೆಯ ಮೆಟ್ಟಿಲಿಗೆ ಮರಳಿ ಆಡಿದರು. 2025ರ ಪಂದ್ಯಾವಳಿಯಲ್ಲಿ, ಆಸ್ಟ್ರೇಲಿಯದಲ್ಲಿ 2027ಕ್ಕೆ ಗೊತ್ತುಮಾಡಿದ ವಿಶ್ವಕಪ್ಪಿಗೆ ಅರ್ಹತೆಯನ್ನು ಸಂಪಾದಿಸಿದರು; ಕೊನೆಯ ಪಂದ್ಯದಲ್ಲಿ ಜಾರ್ಜಿಯಕ್ಕೆ ಸೋತು ಎರಡನೆಯವರಾಗಿ ನಿಂತರು. 2022ರಲ್ಲಿ ಅತ್ತವರಲ್ಲಿ ಕೆಲವರಿಗೆ ಈ ಫಲವು ತಡವಾಗಿ ಬಂದಿತು, ಕೆಲವರಿಗೆ ಬರಲೇ ಇಲ್ಲ. ಬಾರದವರ ದುಃಖವನ್ನು ಯಾವ ಸಿದ್ಧಾಂತವೂ ಅಳಿಸಲಾರದು, ಅಳಿಸಬೇಕಾದುದೂ ಇಲ್ಲ. ನ್ಯಾಯವಾದ ತೀರ್ಪಿನ ಬಳಿಕವೂ ಉಳಿಯುವ ದುಃಖಕ್ಕೆ ಸಲ್ಲತಕ್ಕದ್ದು ಗೌರವ. ಅದನ್ನು ಕೊಟ್ಟು, ತೀರ್ಪನ್ನು ಅದರ ಸ್ಥಾನದಲ್ಲಿ ಇರಗೊಡುವುದೇ ವಿವೇಕಿಗಳ ಮಾರ್ಗ.