ಸುರಪುರದ ಎರಡು ಪಲಾಯನಗಳು

ಸುರಪುರದ ನಾಯಕರ ಇತಿಹಾಸದಲ್ಲಿ ದೊರೆ ರಾತ್ರೋರಾತ್ರಿ ಕೋಟೆ ಬಿಟ್ಟ ಪ್ರಸಂಗ ಎರಡಿವೆ. ಒಂದು ವಂಶವನ್ನು ಉಳಿಸಿತು, ಇನ್ನೊಂದು ಸಂಸ್ಥಾನವನ್ನೇ ನುಂಗಿತು. ನಿರ್ಧಾರ ಮೇಲ್ನೋಟಕ್ಕೆ ಒಂದೇ.

ಶಹಾಪುರದ ಬಳಿ ನಾಯಕರ ಕೈಯಲ್ಲಿದ್ದ ಸಗರ 1687ರಲ್ಲೇ ಮೊಗಲರ ಪಾಲಾಗಿತ್ತು. 1705ರ ಫೆಬ್ರವರಿಯಲ್ಲಿ ಎಂಬತ್ತಾರರ ಔರಂಗಜೇಬ ಖುದ್ದಾಗಿ ನಾಯಕರ ಕೋಟೆ ವಾಗಣಗೇರಾಕ್ಕೆ ಮುತ್ತಿಗೆ ಹಾಕಿದ. ಅಲ್ಲಿನ ದೊರೆ ಪಿಡ್ಡನಾಯಕ ಸಂಧಿಯ ಮಾತೆತ್ತಿ ಕಾಲ ತಳ್ಳಿದ. ಧನಾಜಿ ಜಾಧವನ ಮರಾಠಾ ಕುದುರೆಪಡೆ ನೆರವಿಗೆ ಬಂತು. ಏಪ್ರಿಲ್ ಕೊನೆಗೆ ಬಾದಶಹನಿಗೆ ದಕ್ಕಿದ್ದು ಬೆಂಕಿ ಬಿದ್ದ ಕೋಟೆ ಮಾತ್ರ, ನಾಯಕನಲ್ಲ. ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟ ಔರಂಗಜೇಬ ಅಲ್ಲೇ ಹಾಸಿಗೆ ಹಿಡಿದ. ಆತ ಮತ್ತೊಂದು ಮುತ್ತಿಗೆ ನಡೆಸಲೇ ಇಲ್ಲ.

1858ರ ಫೆಬ್ರವರಿ 7ರ ರಾತ್ರಿ ಬೇಡರೂ ರೋಹಿಲರೂ ಸುರಪುರದ ಹೊರಗಿದ್ದ ಬ್ರಿಟಿಷ್ ಶಿಬಿರದ ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಇತ್ತ ಬ್ರಿಟಿಷರ ಹೆಚ್ಚುವರಿ ಪಡೆಗಳು ಹತ್ತಿರವಾಗುತ್ತಿದ್ದಂತೆ ರಾಜಾ ವೆಂಕಟಪ್ಪ ನಾಯಕ ಕೆಲವೇ ಸವಾರರೊಡನೆ ಊರು ಬಿಟ್ಟ. ಹೋದದ್ದಾದರೂ ಎಲ್ಲಿಗೆ? ಹೈದರಾಬಾದಿಗೆ! ಬ್ರಿಟಿಷರ ಪರ ಗಟ್ಟಿಯಾಗಿ ನಿಂತಿದ್ದ ನಿಜಾಮನ ದಿವಾನ ಸಾಲಾರ್ ಜಂಗ್‌ನ ಊರಿಗೆ. ಅಲ್ಲಿ ಸೆರೆಸಿಕ್ಕು ವಿಚಾರಣೆಗೆ ಗುರಿಯಾದ. ಮರಣದಂಡನೆ ಇಳಿಯುತ್ತ ಬಂದು ನಾಲ್ಕು ವರ್ಷದ ಸೆರೆವಾಸವಾಯಿತು. ಚೆಂಗಲ್ಪಟ್ಟು ಮುಟ್ಟುವ ಮೊದಲೇ, ದಾರಿಯಲ್ಲಿ, ಗುಂಡೇಟಿನಿಂದ ಸತ್ತ.

ಪಿಡ್ಡನಾಯಕ ಓಡಿದ್ದು ತನ್ನ ಜನರಿದ್ದ ಗುಡ್ಡಗಳಿಗೆ, ವೆಂಕಟಪ್ಪ ನಾಯಕ ಓಡಿದ್ದು ದರ್ಬಾರಿಗೆ. ಈತನೂ ಕೃಷ್ಣೆಯ ದಂಡೆಯ ಬಂಡೆಗುಡ್ಡಗಳಲ್ಲೇ ನಿಂತಿದ್ದರೆ? ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಸಿಡಿದೆದ್ದದ್ದು ಅದೇ ವರ್ಷದ ಮೇ ಕೊನೆಯಲ್ಲಿ. ನಾಲ್ಕು ತಿಂಗಳು ಕಳೆದಿದ್ದರೆ ಮೂರು ಕಡೆಯ ಬಂಡಾಯ ಒಂದೇ ಕಾಲಕ್ಕೆ ಕೂಡುತ್ತಿತ್ತು. ವಾಗಣಗೇರಾ ಮೂರು ತಿಂಗಳ ಹತ್ತಿರ ತಾಳಿತ್ತು ಎಂಬುದನ್ನು ನೆನೆದರೆ ಇದು ಬರೀ ಹಗಲುಗನಸಲ್ಲ.

ಆದರೆ ಈ ‘ರೆ’ ಎಷ್ಟು ದೂರ ಎಳೆದರೆ ಹರಿಯುತ್ತದೆ ಎಂಬುದನ್ನೂ ನೋಡಬೇಕು. ದೆಹಲಿ 1857ರ ಸೆಪ್ಟೆಂಬರಿನಲ್ಲೇ ಬಿದ್ದಿತ್ತು. ಹೊರಗಿನಿಂದ ಬರಲು ಧನಾಜಿಯಂಥವನು ಯಾರೂ ಉಳಿದಿರಲಿಲ್ಲ. ಮೂರು ಬಂಡಾಯ ಕೂಡಿದ್ದರೆ ಬ್ರಿಟಿಷರಿಗೆ ಒಂದು ಮಳೆಗಾಲ ಕಷ್ಟವಾಗುತ್ತಿತ್ತು, ಸಾಮ್ರಾಜ್ಯ ಅಲುಗುತ್ತಿರಲಿಲ್ಲ. ನಕಾಶೆಯೂ ಬದಲಾಗುತ್ತಿದ್ದುದು ಅನುಮಾನ. ಬಂಡಾಯದಲ್ಲಿ ತಮ್ಮ ಕೈಬಿಡದ ನಿಜಾಮನಿಗೆ ಬ್ರಿಟಿಷರು 1860ರ ಒಪ್ಪಂದದಲ್ಲಿ ಸುರಪುರವನ್ನು ಕೊಟ್ಟರು. ಬಂಡಾಯವೇ ನಡೆಯದಿದ್ದರೂ ಅದು ನಿಜಾಮನಿಗೆ ಕಪ್ಪ ಕೊಡುವ ಸಂಸ್ಥಾನವಾಗಿಯೇ ಇರುತ್ತಿತ್ತು. ನೆರೆಯ ಗದ್ವಾಲ ಹೈದರಾಬಾದಿನೊಳಗೆ ಹಾಗೆಯೇ ಉಳಿದುಕೊಂಡಿತಲ್ಲ.

ಹಾಗಾಗಿ ಕೇಳಬೇಕಾದ ‘ರೆ’ ಆ ಫೆಬ್ರವರಿಯ ರಾತ್ರಿಯದಲ್ಲ, ಅದಕ್ಕಿಂತ ಹಿಂದಿನದು. 1857ರ ಜುಲೈ 17ರಂದು ಹೈದರಾಬಾದಿನಲ್ಲಿ ತುರ್ರೆಬಾಜ್ ಖಾನ್ ಬ್ರಿಟಿಷ್ ರೆಸಿಡೆನ್ಸಿಯ ಮೇಲೆ ದಾಳಿ ಮಾಡಿದಾಗ ದೆಹಲಿ ಇನ್ನೂ ಬಂಡಾಯಗಾರರ ಕೈಯಲ್ಲಿತ್ತು. ಸುರಪುರ ಆ ವಾರವೇ ಎದ್ದಿದ್ದರೆ, ಸಾಲಾರ್ ಜಂಗ್ ರಾಜಧಾನಿಯ ಗಲಭೆಯನ್ನೂ ಕೃಷ್ಣಾತೀರದ ಬೇಡರನ್ನೂ ಒಟ್ಟಿಗೇ ಎದುರಿಸಬೇಕಾಗುತ್ತಿತ್ತು. ಆಗ ನಿಜಾಮನ ನಿಷ್ಠೆ ಯಾವ ಕಡೆಗೆ ವಾಲುತ್ತಿತ್ತೋ, ಅದನ್ನು ಸಾಲಾರ್ ಜಂಗ್‌ ಕೂಡ ಖಚಿತವಾಗಿ ಹೇಳಲಾರದೆ ಹೋಗುತ್ತಿದ್ದ.